ತಲಪಾಡಿಯಿಂದ ತಿರುವನಂತಪುರಕ್ಕೆ

ಮುಂಬಯಿಯ ಬಳಿಯ ಪನ್ವೇಲಿನಿಂದ ಹೊರಟು ಕನ್ಯಾಕುಮಾರಿಯಲ್ಲಿ ಮುಗಿಯುವ ರಾಷ್ಟ್ರೀಯ ಹೆದ್ದಾರಿ 66ರ ಉದ್ದ ಸುಮಾರು 1,600 ಕಿಲೋಮೀಟರ್. ಅದರಲ್ಲಿ ತಲಪಾಡಿಯಿಂದ ದಕ್ಷಿಣಕ್ಕೆ 640 ಕಿಲೋಮೀಟರಿಗೂ ಹೆಚ್ಚು ಭಾಗ ಕೇರಳದಲ್ಲಿದೆ. ಅಂಕಿ ಬದಲಾಗಿ ಹದಿನೈದು ವರ್ಷ ಕಳೆದರೂ ನಮ್ಮ ಹಿರಿಯರಿಗೆ ಅದು ಇನ್ನೂ 'ಹದಿನೇಳು'. ಈ ರಸ್ತೆಯ ಉತ್ತರದ ತುದಿಯಲ್ಲಿ ಮನೆ ಮಾಡಿಕೊಂಡಿರುವ ನಮಗೆ ರಾಜಧಾನಿ ಎಂಬುದು ಸದಾ ದೂರದ ಮಾತು. ಮಂಜೇಶ್ವರದವನಿಗೆ ಬೆಂಗಳೂರಿಗಿಂತ ತಿರುವನಂತಪುರ ದೂರ. ಕಡತ ಹಿಡಿದುಕೊಂಡು ಹೋಗಬೇಕಾದವರು ಸಂಜೆ ಮಲಬಾರ್ ಅಥವಾ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಗ್ಗೆ ಇಳಿಯುವುದು ವಾಡಿಕೆ. 2023ರಿಂದ ವಂದೇ ಭಾರತ್ ರೈಲು ಆ ದೂರವನ್ನು ಎಂಟು ಗಂಟೆಗೆ ತಂದಿದೆ. ಆದರೆ ರೈಲಿನಲ್ಲಿ ಮಲಗಿ ಹೋದವನಿಗೆ ತನ್ನ ರಾಜ್ಯ ಕಾಣುವುದಿಲ್ಲ. ಆರು ಪಥದ ಹೆದ್ದಾರಿಯ ಕೆಲಸ ಎಲ್ಲಿಗೆ ಬಂದಿದೆ ಎಂದು ಪತ್ರಿಕೆಯಲ್ಲಿ ಓದುವುದಕ್ಕಿಂತ ಒಮ್ಮೆ ನೋಡಿಯೇ ಬರೋಣವೆಂದು 2025ರ ಕ್ರಿಸ್‌ಮಸ್ ರಜೆಯಲ್ಲಿ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮತ್ತು ನಾನು ಕಾರಿನಲ್ಲಿ ಹೊರಟೆವು. ಭಾವ ಅಡಿಕೆ ಕೃಷಿಕರು, ವಾಹನ ಓಡಿಸುವುದರಲ್ಲಿ ಸಾವಧಾನಿ. ಎಂಟನೆಯ ತರಗತಿಯ ಅಳಿಯ ಒಂದು ನೋಟುಪುಸ್ತಕ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕುಳಿತ. ಕೇರಳದಲ್ಲಿ 44 ನದಿಗಳಿವೆ, 41 ಪಡುವಣಕ್ಕೆ ಹರಿಯುತ್ತವೆ, ಮೂರು ಮೂಡಣಕ್ಕೆ ಎಂದು ಅವನ ಪಾಠದಲ್ಲಿದೆಯಲ್ಲ! ಹೆದ್ದಾರಿ ದಾಟುವ ಪ್ರತಿಯೊಂದು ಹೊಳೆಯ ಹೆಸರನ್ನೂ ಬರೆದಿಡುವುದು ಅವನ ಸಂಕಲ್ಪ.

ಅವನ ಹಟಕ್ಕೆ ಮಣಿದು ಮೊದಲು ಉತ್ತರಕ್ಕೆ, ಗಡಿಯ ತನಕ ಹೋಗಿ ಕಾರು ತಿರುಗಿಸಿದೆವು. ತಲಪಾಡಿಯನ್ನು ಮಕ್ಕಳು ಟೋಲ್ ಕಟ್ಟುವ ಸ್ಥಳವೆಂದಷ್ಟೇ ಬಲ್ಲರು. ದೊಡ್ಡವರಿಗೆ ಬೇರೆ ನೆನಪಿದೆ. 2020ರ ಮಾರ್ಚಿನಲ್ಲಿ ಕೊರೊನಾ ಭೀತಿಯಿಂದ ಕರ್ನಾಟಕವು ಈ ಗಡಿಯನ್ನು ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಐವತ್ತು ಕಿಲೋಮೀಟರ್ ಒಳಗಿರುವ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲಿ ತಡೆಯಲ್ಪಟ್ಟರು, ಕೆಲವರು ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಒಂದು ರಸ್ತೆ ಎಷ್ಟು ಮಂದಿಯ ಉಸಿರು ಎಂಬುದನ್ನು ಈ ಜಿಲ್ಲೆಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದ್ದರಿಂದಲೇ, ಈ ಗಡಿಯಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಆರಿಕ್ಕಾಡಿಯಲ್ಲಿ ಇನ್ನೊಂದು ಟೋಲ್ ಕಟ್ಟೆ ಎದ್ದಾಗ ಜನ ಸಿಟ್ಟಾದದ್ದು. ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರವಿರಬೇಕೆಂದು 2008ರ ನಿಯಮ ಹೇಳುತ್ತದೆ. ಕಾಲೇಜಿಗೂ ಡಯಾಲಿಸಿಸ್‌ಗೂ ಮಂಗಳೂರಿಗೆ ಹೋಗಿಬರುವವರಿಗೆ ಎರಡೆರಡು ಕಡೆ ಹಣ ತೆರುವ ಸ್ಥಿತಿ ಬಂದರೆ ಅದು ಪ್ರಯಾಣದ ಖರ್ಚಲ್ಲ, ಬದುಕಿನ ಮೇಲಣ ಕಂದಾಯವಾಗುತ್ತದೆ.

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಇಡೀ ಕೇರಳದಲ್ಲಿ ಮೊದಲು ಮುಗಿದ ಭಾಗ. ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ ಇದನ್ನು ಕಟ್ಟಿದೆ. ಹೊಗಳಲೇಬೇಕಾದದ್ದನ್ನು ಹೊಗಳಬೇಕು: ರಸ್ತೆ ಸಮತಟ್ಟಾಗಿದೆ, ಗೆರೆಗಳು ಅಚ್ಚುಕಟ್ಟು. ಹೊಸಂಗಡಿ, ಕೈಕಂಬ, ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲ್ ಎಂದು ಒಂದೊಂದೇ ಪೇಟೆಯಲ್ಲಿ ಕಾದು ಕಾದು ಸಾಗುತ್ತಿದ್ದ ದಾರಿಯನ್ನು ಅರ್ಧ ಗಂಟೆಯಲ್ಲಿ ದಾಟಿದೆವು. ಕಾಸರಗೋಡು ಪೇಟೆಯಲ್ಲಿ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯ ತನಕ ಒಂದೇ ಸಾಲು ಕಂಬಗಳ ಮೇಲೆ ನಿಂತ ಮೇಲ್ಸೇತುವೆ ಒಂದು ಕಿಲೋಮೀಟರಿಗಿಂತಲೂ ಉದ್ದವಿದೆ. ಅದರ ಮೇಲೆ ಸಾಗುವಾಗ ಹೊಸ ಬಸ್‌ನಿಲ್ದಾಣ, ಹೋಟೆಲುಗಳು, ಬಟ್ಟೆಯಂಗಡಿಗಳು ಎಲ್ಲ ಕೆಳಗೆ ಉಳಿದವು. ಅಕ್ಕ, "ಇದು ಕಾಸರಗೋಡೇ ಹೌದಾ? ನನಗೆ ಗುರುತೇ ಸಿಕ್ಕಲಿಲ್ಲ" ಎಂದಳು. ಅಳಿಯನ ದೂರು ಬೇರೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್ ಎಂದು ಐದು ಹೆಸರು ಬರೆದುಕೊಂಡನಾದರೂ ಒಂದು ಹೊಳೆಯನ್ನೂ ಸರಿಯಾಗಿ ನೋಡಲಿಲ್ಲ. ಹೊಸ ಸೇತುವೆಗಳ ಕಾಂಕ್ರೀಟ್ ತಡೆಗೋಡೆ ಕಾರಿನ ಕಿಟಕಿಯಷ್ಟೇ ಎತ್ತರ. "ಹೊಳೆ ಕಾಣುವುದೇ ಇಲ್ಲ ಮಾವ. ಬೋರ್ಡು ನೋಡಿ ಬರೆಯುವುದಾದರೆ ಮನೆಯಲ್ಲಿ ಕೂತು ಬರೆಯಬಹುದಿತ್ತಲ್ಲ" ಎಂದ.

ಆದರೆ ನಾವು ಈ ರಸ್ತೆಯ ಮೇಲೆ ಹೋಗುವುದು ವರ್ಷಕ್ಕೆ ಕೆಲವೇ ದಿನ. ಉಳಿದ ದಿನಗಳಲ್ಲಿ ನಾವು ಅದರ ಬದಿಯಲ್ಲಿ ಬದುಕುವವರು, ಸರ್ವಿಸ್ ರಸ್ತೆಯವರು. ಪ್ರಯಾಣಿಕನ ಕಣ್ಣಿಗೆ ಬೀಳದ ಈ ಭಾಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಅಕ್ಕನ ಮನೆ ಹೆದ್ದಾರಿಯ ಪಡುಬದಿಯಲ್ಲಿದೆ, ಮಕ್ಕಳ ಕನ್ನಡ ಮಾಧ್ಯಮ ಶಾಲೆ ಮೂಡುಬದಿಯಲ್ಲಿ. ಹಿಂದೆ ಅವಳು ಅಂಗಳದಲ್ಲಿ ನಿಂತರೆ ಶಾಲೆಯ ಗಂಟೆ ಕೇಳಿಸುತ್ತಿತ್ತು, ಐದು ನಿಮಿಷದ ನಡಿಗೆ. ರಸ್ತೆ ದಾಟಿಸಲು ಯಾರಾದರೊಬ್ಬ ಮಾಸ್ಟ್ರು ಅಥವಾ ಅಂಗಡಿಯ ಅಣ್ಣ ಕೈ ಅಡ್ಡ ಹಿಡಿಯುತ್ತಿದ್ದರು. ಈಗ ನಡುವೆ ಆರು ಪಥ, ಎರಡು ಬದಿಗೆ ತಡೆಗೋಡೆ, ಅದರಾಚೆ ಮತ್ತೆರಡು ಸರ್ವಿಸ್ ರಸ್ತೆ. ಮಕ್ಕಳು ಮುಕ್ಕಾಲು ಕಿಲೋಮೀಟರ್ ದಕ್ಷಿಣಕ್ಕೆ ನಡೆದು, ಅಂಡರ್‌ಪಾಸಿನಲ್ಲಿ ನುಸುಳಿ, ಅಷ್ಟೇ ದೂರ ಉತ್ತರಕ್ಕೆ ಮರಳಬೇಕು. ಆಟಿ ತಿಂಗಳಲ್ಲಿ ಆ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತು ಎರಡು ದಿನ ಚಿಕ್ಕವಳನ್ನು ಭಾವ ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಿದರಂತೆ. ಸರ್ವಿಸ್ ರಸ್ತೆಯ ಅಗಲ ಏಳು ಮೀಟರ್ ಆಸುಪಾಸು. ಅದರಲ್ಲೇ ಬಸ್ಸು, ಅದರಲ್ಲೇ ಆಟೋ, ಎದುರುಗಡೆಯಿಂದ ನುಗ್ಗುವ ಸ್ಕೂಟರು. ನಡೆಯುವವನಿಗೆ ಚರಂಡಿಯ ಮುಚ್ಚಳವೇ ಕಾಲುದಾರಿ. ಕೆಲವು ಕಡೆ ಮುಚ್ಚಳವೂ ಇಲ್ಲ.

ಒಂದು ಶಾಲೆ ಮುಚ್ಚುವುದು ಸರಕಾರದ ಆದೇಶದಿಂದ ಮಾತ್ರವಲ್ಲ. ಆರು ವರ್ಷದ ಮಗುವನ್ನು ಒಂದೂವರೆ ಕಿಲೋಮೀಟರ್ ಈ ರೀತಿ ನಡೆಸುವುದಕ್ಕಿಂತ, ಮನೆಯ ಗೇಟಿನ ಮುಂದೆ ಬಂದು ನಿಲ್ಲುವ ಆಂಗ್ಲ ಮಾಧ್ಯಮ ಶಾಲೆಯ ವ್ಯಾನಿಗೆ ಹತ್ತಿಸುವುದು ಸುಲಭವೆಂದು ತಾಯಿಗೆ ಅನ್ನಿಸಿದರೆ ಅವಳನ್ನು ದೂರುವಂತಿಲ್ಲ. ಅಕ್ಕನ ಓಣಿಯಿಂದಲೇ ಇಬ್ಬರು ಮಕ್ಕಳು ಹಾಗೆ ಹೋದರು. ಒಂದನೆಯ ತರಗತಿಯಲ್ಲಿ ಹತ್ತೋ ಹನ್ನೆರಡೋ ಮಕ್ಕಳಿರುವ ಶಾಲೆಯಲ್ಲಿ ಇಬ್ಬರು ಕಡಿಮೆಯಾಗುವುದೆಂದರೆ ಏನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ತಲಪಾಡಿ–ಚೆಂಗಳ ನಡುವೆ ಅಂಡರ್‌ಪಾಸಿಗಾಗಿಯೋ ಕಾಲುಸೇತುವೆಗಾಗಿಯೋ ಜನರು ಬೇಡಿಕೆ ಇಡದ ಪೇಟೆ ವಿರಳ. ಕೆಲವೆಡೆ ಫಲ ಸಿಕ್ಕಿದೆ. ಸಿಕ್ಕಿದ್ದೆಲ್ಲ ಕೇಳಿದ್ದರಿಂದ ಸಿಕ್ಕಿದ್ದು, ನಕ್ಷೆಯಲ್ಲಿ ಮೊದಲೇ ಇದ್ದದ್ದಲ್ಲ ಎಂಬುದನ್ನು ಶಾಲೆಗಳ ರಕ್ಷಕ ಶಿಕ್ಷಕ ಸಂಘಗಳು ಗಮನಿಸಬೇಕು.

ಇಕ್ಕಟ್ಟಿಗೆ ಕಾರಣವಿದೆ. ಬೇರೆ ರಾಜ್ಯಗಳಲ್ಲಿ ಇಂತಹ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲದ ಭೂಮಿ ತೆಗೆದುಕೊಳ್ಳುತ್ತಾರೆ. ಮನೆಗೆ ಮನೆ ತಾಗಿಕೊಂಡಿರುವ ಕೇರಳದಲ್ಲಿ 30 ಮೀಟರೇ ಸಾಕೆಂದು ವರ್ಷಗಟ್ಟಲೆ ವಾದ ನಡೆದು, ಕೊನೆಗೆ 45 ಮೀಟರಿಗೆ ಒಪ್ಪಿಗೆಯಾಯಿತು. ಭೂಸ್ವಾಧೀನದ ಖರ್ಚಿನ ಶೇಕಡಾ 25ನ್ನು ರಾಜ್ಯ ಸರಕಾರವೇ ಹೊತ್ತುಕೊಂಡಿತು. ಬೇರೆ ರಾಜ್ಯಗಳಲ್ಲಿ ಹೀಗಿಲ್ಲ. ಆ 45 ಮೀಟರಿನೊಳಗೆ ಆರು ಪಥ, ನಡುವಿನ ವಿಭಜಕ, ತಡೆಗೋಡೆ, ಚರಂಡಿ, ಎರಡು ಸರ್ವಿಸ್ ರಸ್ತೆ ಎಲ್ಲವೂ ಹಿಡಿಸಬೇಕು. ಹಿಡಿಸದೆ ಉಳಿದದ್ದು ನಡೆಯುವವನೊಬ್ಬನೇ.

ಚೆಂಗಳ ದಾಟಿದೊಡನೆ ನುಣುಪು ಮುಗಿಯಿತು. ಚೆರ್ಕಳದಿಂದ ಬೇವಿಂಜೆ, ತೆಕ್ಕಿಲ್ ಕಡೆಗೆ ಗುಡ್ಡ ಕಡಿದು ಇಳಿಸಿದ ದಾರಿ. ಕೆಳಗೆ ಚಂದ್ರಗಿರಿ. ಮಹಾಜನ ಆಯೋಗ 1967ರಲ್ಲಿ ಗೆರೆ ಎಳೆದದ್ದು ಈ ಹೊಳೆಯಲ್ಲೇ. ಆ ಗೆರೆ ವರದಿಯಲ್ಲಿ ಉಳಿಯಿತು. ಸೇತುವೆಯಲ್ಲಿ ಕೆಲಸ ನಡೆಯುತ್ತಿದ್ದುದರಿಂದ ವಾಹನಗಳು ಆಮೆಯಂತೆ ಸಾಗಿದವು, ಅಳಿಯನಿಗೆ ಮೊದಲ ಬಾರಿಗೆ ನೀರು ಕಾಣಿಸಿತು. ಪೊಯಿನಾಚಿ, ಪೆರಿಯ, ಮಾವುಂಗಾಲ್ ಮೂಲಕ ನೀಲೇಶ್ವರ, ಅಲ್ಲಿಂದ ಕಾರ್ಯಂಗೋಡು ಹೊಳೆ ದಾಟಿ ಚೆರುವತ್ತೂರು. ಇಲ್ಲಿ ವೀರಮಲೆ ಗುಡ್ಡವನ್ನು ರಸ್ತೆಗಾಗಿ ಬಹುತೇಕ ನೇರವಾಗಿ ಕಡಿದಿದ್ದಾರೆ. 2025ರ ಜುಲೈಯಲ್ಲಿ ಅದು ಜಾರಿ ಹೆದ್ದಾರಿಯ ಮೇಲೆ ಬಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಸಮೀಪದ ಮಟ್ಟಲಾಯಿ ಗುಡ್ಡದಲ್ಲಿ ಮಣ್ಣಿನಡಿ ಸಿಕ್ಕಿ ಒಬ್ಬ ಕೆಲಸಗಾರ ಸತ್ತ. ಗೋಡೆಯಂತೆ ನಿಂತ ಮಣ್ಣಿಗೆ ಕಬ್ಬಿಣದ ಸರಳು ಹೊಡೆದು, ಮೇಲೆ ಸಿಮೆಂಟು ಎರಚಿ ಹಿಡಿದು ನಿಲ್ಲಿಸುವ ಪ್ರಯತ್ನ ನಡೆದಿದೆ. ಮುರಕಲ್ಲಿನ ಗುಣ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಬಾವಿ ತೋಡುವಾಗ ಮೇಲೆ ಗಟ್ಟಿ ಕಲ್ಲು, ಅದರಡಿ ಬಿಳಿ ಜೇಡಿ. ಮಳೆನೀರು ಕಲ್ಲಿನ ರಂಧ್ರಗಳಲ್ಲಿ ಇಳಿದು ಜೇಡಿಯ ಮೇಲೆ ನಿಂತಾಗ ಕೆಳಗಿನ ಆಧಾರ ತೆಗೆದಿದ್ದರೆ ಮೇಲಿನದ್ದು ಜಾರದೆ ಇನ್ನೇನು ಮಾಡೀತು?

ಇದೇ ಹೆದ್ದಾರಿ ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ರಂದು ಏನು ಮಾಡಿತೆಂಬುದನ್ನು ಮರೆಯಲಾಗದು. ಅಂಕೋಲಾ ಬಳಿ ಗುಡ್ಡ ಕುಸಿದು ಚಹಾದಂಗಡಿಯನ್ನೂ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಕಲ್ಲಿಕೋಟೆ ಕಡೆಯ ಲಾರಿ ಚಾಲಕನೊಬ್ಬನ ದೇಹ ಸಿಕ್ಕಿದ್ದು 71 ದಿನಗಳ ಬಳಿಕ. ಆ ಎರಡು ತಿಂಗಳು ಮಲಯಾಳ ಪತ್ರಿಕೆಗಳು ಪ್ರತಿದಿನ ಶಿರೂರಿನ ಹೆಸರು ಬರೆದವು. ಕೇರಳದವರು ಕರ್ನಾಟಕದ ಒಂದು ಹಳ್ಳಿಯ ಹೆಸರನ್ನು ಅಷ್ಟು ಸರಿಯಾಗಿ ಉಚ್ಚರಿಸಲು ಕಲಿತದ್ದು ಹೀಗೆ.

ಪಯ್ಯನ್ನೂರು, ತಳಿಪರಂಬ, ಕಣ್ಣೂರು ನಡುವೆ ದಾರಿ ಎಂದರೆ ಬದಲಿ ದಾರಿಗಳ ಸರಮಾಲೆ. ಅರ್ಧ ಕಟ್ಟಿದ ಮೇಲ್ಸೇತುವೆಯ ಬುಡದಲ್ಲಿ ಎಡಕ್ಕೆ, ಮುಂದೆ ಬಲಕ್ಕೆ, ಮತ್ತೆ ಮುಖ್ಯ ರಸ್ತೆಗೆ. ಮೊಬೈಲಿನ ನಕ್ಷೆ ನಿನ್ನೆಯ ದಾರಿಯನ್ನು ತೋರಿಸುತ್ತದೆ, ಕೆಂಪು ಬಾವುಟ ಹಿಡಿದ ಕೆಲಸಗಾರ ಇಂದಿನದ್ದನ್ನು. ಬಾವುಟವನ್ನೇ ನಂಬುವುದು ಲೇಸು. ಅಡುಗೆ ಅನಿಲದ ಟ್ಯಾಂಕರುಗಳು ಇದೇ ದಾರಿಯಲ್ಲಿ ಸಾಲಾಗಿ ಹೋಗುತ್ತವೆ. 2012ರಲ್ಲಿ ಕಣ್ಣೂರಿನ ಚಾಲದಲ್ಲಿ ಒಂದು ಟ್ಯಾಂಕರ್ ಉರುಳಿ ಹೊತ್ತಿಕೊಂಡು 20 ಜನ ಬಲಿಯಾದ ಮೇಲೆ ನಮ್ಮ ಭಾವನಂತಹವರು ಟ್ಯಾಂಕರಿನ ಹಿಂದೆ ಹೋಗುವುದನ್ನೇ ಬಿಟ್ಟಿದ್ದಾರೆ. ಮುಳಪ್ಪಿಲಂಗಾಡಿನಲ್ಲಿ ತಲಶ್ಶೇರಿ–ಮಾಹೆ ಬೈಪಾಸ್ ಹಿಡಿದಾಗ ಉಸಿರು ನಿರಾಳವಾಯಿತು. 18.6 ಕಿಲೋಮೀಟರಿನ ಈ ಬೈಪಾಸ್ ದಶಕಗಳ ಕಾಲ ಕಾಗದದಲ್ಲಿದ್ದು 2024ರ ಮಾರ್ಚಿನಲ್ಲಿ ತೆರೆಯಿತು. ಹಿಂದೆ ತಲಶ್ಶೇರಿಯ ಪೇಟೆ ದಾಟಲು ಬೇಕಾಗುತ್ತಿದ್ದಷ್ಟು ಹೊತ್ತಿನಲ್ಲಿ ಎರಡೂ ಊರುಗಳನ್ನು ದಾಟಿಬಿಟ್ಟೆವು. ಈ ಸಂತೋಷ ಅಳಿಯೂರಿನ ತನಕ ಮಾತ್ರ. ವಡಗರ, ಪಯ್ಯೋಳಿಗಳಲ್ಲಿ ಕಳೆದ ಎರಡು ಗಂಟೆಯ ಬಗ್ಗೆ ಧೂಳೆಂಬ ಒಂದೇ ಮಾತು ಸಾಕು.

ಕಲ್ಲಿಕೋಟೆಯ ಬೈಪಾಸಿನಿಂದ ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ರಸ್ತೆ ಮತ್ತೆ ಅಗಲವಾಗಿ ತೆರೆದುಕೊಂಡಿತು. ನಾವು ನೋಡಲೇಬೇಕೆಂದುಕೊಂಡಿದ್ದ ಸ್ಥಳ ಇಲ್ಲಿದೆ: ಕೂರಿಯಾಡು. ಹೆಸರು ನೆನಪಿರಬಹುದು. 2025ರ ಮೇ 19ರಂದು, ಬಹುತೇಕ ಮುಗಿದಿದ್ದ ಹೆದ್ದಾರಿ ಇಲ್ಲಿ ಕುಸಿದು ಪಕ್ಕದ ಸರ್ವಿಸ್ ರಸ್ತೆಯ ಮೇಲೆ ಬಿತ್ತು. ಸುತ್ತಲೂ ವಿಶಾಲವಾದ ಗದ್ದೆ. ಅದರ ನಡುವೆ ಎರಡು ಬದಿಗೆ ಕಾಂಕ್ರೀಟ್ ಫಲಕಗಳ ಗೋಡೆ ಜೋಡಿಸಿ, ಒಳಗೆ ಮಣ್ಣು ತುಂಬಿ, ಕೋಟೆಯಂತೆ ಎತ್ತರಿಸಿ ಮೇಲೆ ಆರು ಪಥ ಹಾಸಿದ್ದರು. ಮಳೆ ಬಂದಾಗ ಗದ್ದೆಯ ಕೆಸರು ಆ ಭಾರವನ್ನು ತಾಳಲಿಲ್ಲ. ಗುತ್ತಿಗೆದಾರ ಕಂಪನಿಯನ್ನೂ ಸಲಹೆಗಾರರನ್ನೂ ಹೊಸ ಟೆಂಡರುಗಳಿಂದ ಹೊರಗಿಟ್ಟರು, ಹೈಕೋರ್ಟು ವಿವರಣೆ ಕೇಳಿತು, ಕೊನೆಗೆ ಕುಸಿದ ಭಾಗದಲ್ಲಿ ಕಂಬಗಳ ಮೇಲೆ ಸೇತುವೆಯಂತೆ ರಸ್ತೆ ಒಯ್ಯುವುದೆಂದು ನಿರ್ಧಾರವಾಯಿತು. ಊರಿನವರು ಮೊದಲಿನಿಂದಲೂ ಕೇಳಿಕೊಂಡಿದ್ದು ಅದನ್ನೇ.

ಭಾವ ಕಾರು ನಿಲ್ಲಿಸಿ ಗದ್ದೆಯ ಅಂಚಿನಲ್ಲಿ ಬಹಳ ಹೊತ್ತು ನಿಂತರು. ತುಳುನಾಡಿನ ಕೃಷಿಕನಿಗೆ ಗದ್ದೆ ಎಂದರೆ ಒಂದೇ ಅಲ್ಲ. ಎತ್ತರದ್ದು ಬೆಟ್ಟು, ನಡುವಣದ್ದು ಮಜಲು, ತಗ್ಗಿನದ್ದು ಬೈಲು. ಬೆಟ್ಟಿನಲ್ಲಿ ಮನೆ ಕಟ್ಟಬಹುದು, ಮಜಲಿನಲ್ಲಿ ಅಡಿಕೆ ನಿಲ್ಲುತ್ತದೆ, ಬೈಲು ನೀರಿನ ಮನೆ. "ಇದು ಬೈಲು. ಉಳುವಾಗ ಮೊಣಕಾಲಿನ ತನಕ ಹೂಳುವ ಜಾಗ. ಇಲ್ಲಿ ಮಣ್ಣು ರಾಶಿ ಹಾಕಿದರೆ ನಿಲ್ಲುವುದಿಲ್ಲ ಅಂತ ಹೇಳಲಿಕ್ಕೆ ಇಂಜಿನಿಯರ್ ಆಗಬೇಕಾ?" ಎಂದರು. ಇಂಜಿನಿಯರುಗಳಿಗೂ ಅದು ಗೊತ್ತಿತ್ತೆಂದೇ ನನ್ನ ಭಾವನೆ. ಮಣ್ಣು ಪರೀಕ್ಷೆ ಎಂಬುದೊಂದಿದೆ. ಆದರೆ ಕಂಬದ ಸೇತುವೆಗಿಂತ ಮಣ್ಣಿನ ದಿಬ್ಬಕ್ಕೆ ಖರ್ಚು ಬಹಳ ಕಡಿಮೆ. ನೀರಿನ ಲೆಕ್ಕವೂ ಹಾಗೆಯೇ ತಪ್ಪುತ್ತದೆ. ಮೂಡಣ ಗುಡ್ಡದಿಂದ ಪಡುವಣ ಕಡಲಿಗೆ ಹರಿಯುವ ನಾಡಿನಲ್ಲಿ ತೆಂಕಣ ಬಡಗಣವಾಗಿ ಇಂತಹ ದಿಬ್ಬ ಹಾಕಿದರೆ ಅದು ರಸ್ತೆಯಷ್ಟೇ ಅಲ್ಲ, ಅಣೆಕಟ್ಟು ಕೂಡ. ಅಕ್ಕನ ಊರಿನ ಅಂಡರ್‌ಪಾಸಿನಲ್ಲಿ ನೀರು ನಿಂತದ್ದಕ್ಕೂ ಕೂರಿಯಾಡು ಕುಸಿದದ್ದಕ್ಕೂ ಮೂಲ ಒಂದೇ.

ಹಿಂದೆ ಟ್ಯಾಂಕರುಗಳು ಉರುಳುವುದಕ್ಕೆ ಕುಖ್ಯಾತವಾಗಿದ್ದ ವಳಾಂಜೇರಿಯ ವಟ್ಟಪ್ಪಾರ ತಿರುವನ್ನು ಈಗ ಎತ್ತರದ ಸೇತುವೆ ಬದಿಗಿಟ್ಟಿದೆ. ಅಲ್ಲಿ ಮಾತ್ರ ಮನಸಾರೆ ಮೆಚ್ಚಿದೆವು. ಕುಟ್ಟಿಪ್ಪುರದಲ್ಲಿ ಭಾರತಪುಳ. 1953ರಲ್ಲಿ ತೆರೆದ ಇಲ್ಲಿನ ಹಳೆಯ ಸೇತುವೆಯ ಬಗ್ಗೆ ಇಡಶ್ಶೇರಿ ಗೋವಿಂದನ್ ನಾಯರ್ ಬರೆದ ಕವಿತೆ ಮಲಯಾಳದಲ್ಲಿ ಮನೆಮಾತು. ಸೇತುವೆ ಬಂದ ಹೆಮ್ಮೆಯನ್ನೂ ನದಿಯ ಬಗೆಗಿನ ಆತಂಕವನ್ನೂ ಒಟ್ಟಿಗೆ ಹೇಳಿದ ಕವಿ ಆತ. ಪಕ್ಕದಲ್ಲಿ ಈಗ ಹೊಸ ಸೇತುವೆ ಬಂದಿದೆ. ಅಳಿಯನಿಗಾಗಿ ಹಳೆಯದರ ಮೇಲೆ ನಡೆದೆವು. ಡಿಸೆಂಬರಿನಲ್ಲೇ ನದಿಯಲ್ಲಿ ಮರಳ ದಿಣ್ಣೆಗಳು ಹೆಚ್ಚು, ನೀರು ಕಡಿಮೆ.

ರಾತ್ರಿ ಗುರುವಾಯೂರಿನಲ್ಲಿ ತಂಗಿದೆವು. ಮಂಡಲ ಕಾಲದ ಕೊನೆಯ ದಿನಗಳು. ಕರ್ನಾಟಕದ ಅಂಕೆಯ ವಾಹನಗಳಿಂದ ಪೇಟೆ ತುಂಬಿತ್ತು. ಕೇರಳದಿಂದ ಕೊಲ್ಲೂರಿಗೆ ಹೋಗುವವರೂ ಕರ್ನಾಟಕದಿಂದ ಶಬರಿಮಲೆಗೆ ಬರುವವರೂ ಹಿಡಿಯುವ ದಾರಿ ಇದೇ. ಹಾವೇರಿ ಕಡೆಯ ಮಾಲಾಧಾರಿಗಳ ತಂಡವೊಂದು ಚಹಾದಂಗಡಿಯಲ್ಲಿ ಹರುಕು ಹಿಂದಿಯಲ್ಲಿ ಎರುಮೇಲಿಯ ದಾರಿ ಕೇಳುತ್ತಿತ್ತು. ಭಾವ ಕನ್ನಡದಲ್ಲೇ, ಇಡಪ್ಪಳ್ಳಿ ದಾಟಿ ವೈಟ್ಟಿಲದಲ್ಲಿ ಎಡಕ್ಕೆ ತಿರುಗಬೇಕೆಂದು ಹೇಳಿದರು. ಹಿರಿಯ ಗುರುಸ್ವಾಮಿಗಳಿಗೆ ಆಶ್ಚರ್ಯ. "ಕೇರಳದಾಗ ಇದ್ದೂ ಎಷ್ಟು ಚೊಲೊ ಕನ್ನಡ ಮಾತಾಡ್ತೀರಿ ಸ್ವಾಮಿ!" ಎಂದರು. ಈ ಹೊಗಳಿಕೆಯನ್ನು ಕೇಳಿ ಕೇಳಿ ಬೇಸತ್ತವಳು ಅಕ್ಕ. ನಗುತ್ತಲೇ, "ನಾವು ಕೇರಳಕ್ಕೆ ಹೋದದ್ದಲ್ಲ ಸ್ವಾಮಿ, 1956ರಲ್ಲಿ ಕೇರಳವೇ ನಮ್ಮ ಊರಿಗೆ ಬಂದದ್ದು" ಎಂದಳು. ಅವರು ಒಂದು ಕ್ಷಣ ತಡೆದು ಜೋರಾಗಿ ನಕ್ಕರು. ಚಿಕ್ಕವಳ ಕೈಗೆ ತಮ್ಮಲ್ಲಿದ್ದ ಬೆಲ್ಲದುಂಡೆ ಇಟ್ಟು, ಯಾವ ಮಾಧ್ಯಮದಲ್ಲಿ ಓದುತ್ತೀ ಮಗಳೇ ಎಂದು ಕೇಳಿದರು. ಉತ್ತರ ಕೇಳಿ, "ನಮ್ಮ ಮೊಮ್ಮಕ್ಕಳು ಇಂಗ್ಲಿಷ್ ಮೀಡಿಯಂ" ಎಂದು ಮೆಲ್ಲನೆ ಹೇಳಿದರು.

ಎರಡನೆಯ ದಿನ ನಸುಕಿನಲ್ಲೇ ಹೊರಟೆವು. ಚಾವಕ್ಕಾಡಿನಿಂದ ಕೊಡುಂಗಲ್ಲೂರಿನ ತನಕ ದಾರಿ ಒಮ್ಮೆ ಹೊಸದು, ಒಮ್ಮೆ ಹಳೆಯದು. ಮುಂದೆ ಪೆರಿಯಾರಿನ ಕವಲುಗಳು, ಕಾಯಲುಗಳು ಒಂದರ ಹಿಂದೊಂದು ಬಂದು ಅಳಿಯನಿಗೆ ಯಾವುದನ್ನು ನದಿಯೆನ್ನಬೇಕು, ಯಾವುದನ್ನು ಹಿನ್ನೀರೆನ್ನಬೇಕು ಎಂಬ ಸಂದೇಹ ಹುಟ್ಟಿತು. ಅರೂರಿನಿಂದ ತುರವೂರಿನವರೆಗೆ 12.75 ಕಿಲೋಮೀಟರ್ ಉದ್ದದ ಎತ್ತರಿಸಿದ ಹೆದ್ದಾರಿ ಹಳೆಯ ರಸ್ತೆಯ ನೆತ್ತಿಯ ಮೇಲೆಯೇ ಏಳುತ್ತಿದೆ. ಕೆಳಗೆ ಸಂಚಾರ, ಮೇಲೆ ಕ್ರೇನು. ನವೆಂಬರಿನಲ್ಲಿ ಅಲ್ಲಿ ತೊಲೆ ಕಳಚಿ ಬಿದ್ದು ಕೆಳಗೆ ಹೋಗುತ್ತಿದ್ದ ಪಿಕಪ್ ವಾಹನದ ಚಾಲಕ ಸತ್ತಿದ್ದ. ಆ ಹನ್ನೆರಡು ಚಿಲ್ಲರೆ ಕಿಲೋಮೀಟರಿನಲ್ಲಿ ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಆಲಪ್ಪುಳದ ಬೈಪಾಸ್ ಹತ್ತಿದ ಮೇಲೆಯೇ ಮಕ್ಕಳ ಗಲಾಟೆ ಮರಳಿದ್ದು. 6.8 ಕಿಲೋಮೀಟರಿನ ಈ ದಾರಿಯಲ್ಲಿ 3.2 ಕಿಲೋಮೀಟರ್ ಸಮುದ್ರತೀರದ ಎತ್ತರದಲ್ಲಿ ಸಾಗುತ್ತದೆ. ಕಡಲು, ದೋಣಿ, ಹಳೆಯ ಕಡಲಪಾಲದ ಉಳಿದ ಕಂಬಗಳು ಎಲ್ಲವೂ ಕಾಣುತ್ತವೆ. 1990ರಲ್ಲಿ ತೊಡಗಿದ ಕೆಲಸ ಮುಗಿದದ್ದು 2021ರಲ್ಲಿ.

ಕೊಲ್ಲಂ ಬೈಪಾಸ್ ಮುಗಿದ ಮೇಲೆ ಕೊಟ್ಟಿಯಂ ಬಳಿಯ ಮೈಲಕ್ಕಾಡು. ನಾವು ಹೋಗುವುದಕ್ಕೆ ಮೂರು ವಾರ ಹಿಂದೆ, ಡಿಸೆಂಬರ್ 5ರಂದು, ಇಲ್ಲಿಯೂ ತಡೆಗೋಡೆ ಬಾಯ್ದೆರೆದು ಕೆಳಗಿನ ಸರ್ವಿಸ್ ರಸ್ತೆ ಸೀಳಿಹೋಗಿತ್ತು. ಒಂದು ಶಾಲಾ ಬಸ್ಸು ಅದರಲ್ಲಿ ಸಿಕ್ಕಿಕೊಂಡಿತ್ತು. ಮಕ್ಕಳಿಗೆ ಪ್ರಾಣಾಪಾಯವಾಗಲಿಲ್ಲ. ಕೂರಿಯಾಡಿನಂತೆ ಇದೂ ಗದ್ದೆಯ ನೆಲವೇ. ಅಕ್ಕ ಕಿಟಕಿಯ ಗಾಜು ಇಳಿಸಿ ನೋಡಿದವಳು, "ಎರಡು ಕಡೆಯೂ ಬಿದ್ದದ್ದು ಸರ್ವಿಸ್ ರಸ್ತೆಯ ಮೇಲೆಯೇ ಅಲ್ವಾ?" ಎಂದಳು. ಯಾರೂ ಉತ್ತರಿಸಲಿಲ್ಲ.

ಆಟ್ಟಿಂಗಲ್ ಪೇಟೆಯ ದಟ್ಟಣೆ ಕಳೆದು ಕಳಕ್ಕೂಟಂನ ಮೇಲ್ಸೇತುವೆ ಹತ್ತುವಾಗ ಸಂಜೆ ಐದು ಗಂಟೆ. ಅಲ್ಲಿಂದ ನಗರದೊಳಗಿನ ಹೆದ್ದಾರಿ ಕೆಲವು ವರ್ಷಗಳ ಹಿಂದೆಯೇ ಪೂರ್ಣಗೊಂಡದ್ದು. ರಾಜಧಾನಿಯ ಬದಿ ಮುಗಿದಿದೆ, ನಮ್ಮ ಬದಿ ಮುಗಿದಿದೆ, ನಡುವಿನದ್ದು ನಡೆಯುತ್ತಿದೆ. 1880ರಲ್ಲಿ ಕಟ್ಟಿದ ನೇಪಿಯರ್ ವಸ್ತುಸಂಗ್ರಹಾಲಯ, ಮೃಗಾಲಯ, ಪದ್ಮನಾಭ ದೇವಾಲಯದ ಗೋಪುರ ಇವುಗಳ ವರ್ಣನೆ ಇಲ್ಲಿ ಬೇಡ. ಅವು ಪಠ್ಯದಲ್ಲೂ ಪ್ರವಾಸ ಪುಸ್ತಕಗಳಲ್ಲೂ ಧಾರಾಳವಾಗಿವೆ.

ಏಪ್ರಿಲ್ ರಜೆಯಲ್ಲಿ ಮಕ್ಕಳೊಂದಿಗೆ ಈ ದಾರಿ ಹಿಡಿಯಬೇಕೆಂದಿರುವವರಿಗೆ ಅನುಭವದಿಂದ ನಾಲ್ಕು ಮಾತು. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಗುರುವಾಯೂರು ನಡುಹಾದಿಯ ತಂಗುದಾಣಕ್ಕೆ ಸರಿಯಾಗಿದೆ. ಬೆಳಗ್ಗೆ ಐದಕ್ಕೆ ಮುಂಚೆ ಕಾಸರಗೋಡು ಬಿಟ್ಟರೆ ಕಣ್ಣೂರಿನ ತನಕದ ಬದಲಿ ದಾರಿಗಳು ಖಾಲಿ ಸಿಗುತ್ತವೆ. ರಾತ್ರಿ ಕೆಲಸದ ಜಾಗಗಳಲ್ಲಿ ಓಡಿಸಬಾರದು. ನಿನ್ನೆ ಇದ್ದ ತಿರುವು ಇಂದು ಇರುವುದಿಲ್ಲ, ಎಲ್ಲೆಡೆಯೂ ಸೂಚನಾ ದೀಪ ಇರುವುದಿಲ್ಲ. ಊಟಕ್ಕೆ ಮೇಲಿನ ಮುಖ್ಯ ರಸ್ತೆಯಿಂದ ಇಳಿಯದೆ ಗತಿಯಿಲ್ಲ, ಆದ್ದರಿಂದ ಬುತ್ತಿ ಇರಲಿ. ಜೂನ್ ನಂತರವಾದರೆ ಚೆರುವತ್ತೂರಿನ ಗುಡ್ಡದ ಸುದ್ದಿ ತಿಳಿದುಕೊಂಡೇ ಹೊರಡಬೇಕು.

ಅಳಿಯನ ನೋಟುಪುಸ್ತಕದಲ್ಲಿ ಕಾಯಲುಗಳೂ ಸೇರಿ ಇಪ್ಪತ್ತೈದು ಹೆಸರುಗಳಾದವು. ಕಣ್ಣಾರೆ ನೀರು ಕಂಡವುಗಳಿಗೆ ಮುಂದೆ ಗೀಟು ಹಾಕಿದ್ದಾನೆ. ಅಂತಹವು ಹದಿನಾಲ್ಕು. ಜನವರಿಯಲ್ಲಿ ಶಾಲೆ ತೆರೆದ ಮೇಲೆ ಅದನ್ನು ಟೀಚರಿಗೆ ತೋರಿಸಲು ಒಯ್ದ, ಅಂಡರ್‌ಪಾಸಿನ ದಾರಿಯಾಗಿ, ಒಂದೂವರೆ ಕಿಲೋಮೀಟರ್ ನಡೆದು.